ಇಪ್ಪತ್ತೊಂದು ಮಾವಿನ ಕಡ್ಡಿಗಳ ವಿಮಾನಯಾನ

ನನ್ನ ಕೆಲಸ ಕಸಿ ಕಟ್ಟುವುದು. ಪುತ್ತೂರಿನ ಹತ್ತಿರ ನರಿಮೊಗರಿನಲ್ಲಿ ಮನೆಯ ಪಕ್ಕದಲ್ಲೇ ಒಂದು ಸಣ್ಣ ನರ್ಸರಿ ಉಂಟು. ಗಿಡದ ಕೆಲಸದವರ ಬದುಕಿನಲ್ಲಿ ನಗುವಂಥದ್ದು ಎಂತ ಆಗುತ್ತದೆ ಎಂದು ನೀವು ಕೇಳಬಹುದು. ಗಿಡ ಪಾಪ, ನೆಟ್ಟಲ್ಲಿ ಇರುತ್ತದೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ಅದನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಲು ಹೊರಟಿರೋ, ಮುಗಿಯಿತು ನಿಮ್ಮ ಕಥೆ. ನಾನಂತೂ ಬ್ಯಾಗು ಹೆಗಲಿಗೆ ಹಾಕಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಳ್ಳೆಯ ಜಾತಿಯ ಮರದಿಂದ ಗೇಣುದ್ದದ ಕಡ್ಡಿ ಕಡಿದು, ಕಾಟು, ಅಂದರೆ ಕಾಡು ಜಾತಿಯ, ಸಸಿಯ ತಲೆ ಕತ್ತರಿಸಿ, ಅದರ ಮೇಲೆ ಈ ಕಡ್ಡಿಯನ್ನು ಕೂರಿಸಿ ಕಟ್ಟಿದರೆ ಅದು ಕಸಿ. ಕಡಿದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಪಟ್ಟೆಯೊಳಗೆ ಇಟ್ಟರೆ ಮೂರು ದಿನ ಧೈರ್ಯ. ನಾಲ್ಕನೇ ದಿನ ಅನುಮಾನ. ಐದನೇ ದಿನ ಅದನ್ನು ಒಲೆಗೆ ಹಾಕಬಹುದು. ಹಾಗಾಗಿ ಕಾರು ಬೇಗವೋ, ರೈಲು ಬೇಗವೋ, ವಿಮಾನ ಬೇಗವೋ ಎಂಬುದು ನಮ್ಮ ಮನೆಯಲ್ಲಿ ಹೊತ್ತು ಕಳೆಯುವ ಹರಟೆ ಅಲ್ಲ.

ಬಿಸಿ ಗೋಳಿಬಜೆ

ಈ ವಿಷಯದಲ್ಲಿ ನಮ್ಮಲ್ಲಿ ಮೂರು ಪಕ್ಷಗಳು. ನನ್ನ ಗಂಡ ಕಾರಿನ ಪಕ್ಷ. ಅಕ್ಕನ ಗಂಡ, ಅಂದರೆ ನನ್ನ ಭಾವ, ವಿಮಾನದ ಪಕ್ಷ. ಅಕ್ಕನದ್ದು ರೈಲು. ಆದರೆ ಅವಳು ವಾದಕ್ಕೆ ಬರುವುದಿಲ್ಲ, ನಗುತ್ತಾ ಬೆಳ್ಳುಳ್ಳಿ ಸುಲಿಯುತ್ತಾಳೆ. ಅಕ್ಕ ಭಾವ ಇರುವುದು ಗುಜರಾತಿನಲ್ಲಿ. ಭಾವ ಅಲ್ಲಿ ಬಟ್ಟೆ ಮಿಲ್ಲಿನಲ್ಲಿ ಇದ್ದವರು, ಈಗ ನಿವೃತ್ತಿ.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅಕ್ಕ ಭಾವ ನಮ್ಮಲ್ಲಿಗೆ ಬಂದಿದ್ದರು. ಹೊರಡುವ ಹಿಂದಿನ ದಿನ ಇವರು, ಅಂದರೆ ನನ್ನ ಗಂಡ, ಶುರು ಮಾಡಿದರು. “ವಿಮಾನ ಒಂದೇ ಗಂಟೆ ಅಂತೆ! ಇಲ್ಲಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಹೋಗಿ ಕೂರ್ಬೇಕು. ಹಾರಿ ಇಳಿದ ಮೇಲೆ ಬ್ಯಾಗಿಗೆ ಕಾಯ್ಬೇಕು. ಅಲ್ಲಿಂದ ಪೇಟೆಗೆ ಬರ್ಲಿಕ್ಕೆ ಮತ್ತೆ ಎರಡು ಗಂಟೆ. ಅಷ್ಟರಲ್ಲಿ ನಾನು ನಮ್ಮ ಅಂಗಳದಿಂದ ಕಾರು ತೆಗ್ದು ಹಾಲ್‌ನ ಬಾಗಿಲಲ್ಲಿ ನಿಲ್ಲಿಸಿರ್ತೇನೆ.”

ಭಾವ ಹೇಳಿದರು, “ನೋಡುವಾ.”

ಮರುದಿನ ಭಾವ ಬಜ್ಪೆಗೆ ಹೊರಟರು. ನಾವಿಬ್ಬರು ಕಾರು ಹತ್ತಿದೆವು. ಅಕ್ಕ ಮಾತ್ರ “ನನಗೆ ಘಾಟಿಯ ತಿರುವಿನಲ್ಲಿ ವಾಂತಿ ಬರ್ತದೆ” ಎಂದು ಕಬಕ-ಪುತ್ತೂರು ಸ್ಟೇಷನ್ನಿನಲ್ಲಿ ಹಗಲು ರೈಲು ಹತ್ತಿದಳು.

ಗುಂಡ್ಯದಲ್ಲಿ ಸಾಲಾಗಿ ಲಾರಿಗಳು ನಿಂತಿದ್ದವು. ಮೇಲೆ ಶಿರಾಡಿಯಲ್ಲಿ ಟ್ಯಾಂಕರ್ ಅಡ್ಡ ಬಿದ್ದಿದೆಯಂತೆ. ಇವರು ಐದು ನಿಮಿಷಕ್ಕೊಮ್ಮೆ ಇಳಿದು ಮುಂದೆ ಹೋಗಿ ನೋಡಿ ಬರುವುದು, “ಈಗ ಬಿಡ್ತಾರೆ” ಎನ್ನುವುದು. ಎರಡು ಗಂಟೆ ಹಾಗೇ ಹೋಯಿತು. ಆಗ ಭಾವನ ಫೋನು ಬಂತು.

“ಎಲ್ಲಿದ್ದೀರಿ?”

“ಹಾಸನ ದಾಟಿದೆವು,” ಎಂದರು ಇವರು. ನಾನು ಇವರ ಮುಖವನ್ನೇ ನೋಡಿದೆ. ನಾಚಿಕೆ ಅನ್ನುವುದು ಎಲ್ಲೂ ಕಾಣಲಿಲ್ಲ. “ನೀವೆಲ್ಲಿ?”

“ನಾನು ಇಳಿದು ಆಯ್ತು ಮಾರಾಯ್ರೆ, ಟ್ಯಾಕ್ಸಿಯಲ್ಲಿದ್ದೇನೆ.”

ಅಷ್ಟರಲ್ಲಿ ನಮ್ಮ ಕಾರಿನ ಕಿಟಕಿಗೆ ತಲೆ ಹಾಕಿ ಒಬ್ಬ ಕೂಗಿದ. “ಗುಂಡ್ಯದಲ್ಲಿ ಬಾಕಿಯಾದವರಿಗೆಲ್ಲ ಬಿಸಿ ಗೋಳಿಬಜೆ!” ಅದೇ ಹೊತ್ತಿಗೆ ಫೋನಿನ ಆ ಕಡೆಯಿಂದ ಒಬ್ಬ ಹುಡುಗಿಯ ಇಂಪಾದ ದನಿ ಕೇಳಿತು. ಮಂಗಳೂರಿನಿಂದ ಬೆಂಗಳೂರಿಗೆ ಹೊರಡಬೇಕಾದ ವಿಮಾನ ಇನ್ನೂ ತಡವಾಗುತ್ತದೆ, ದಯವಿಟ್ಟು ಕ್ಷಮಿಸಿ.

ಆಮೇಲೆ ಭಾವ ಕೇಳಿದರು, “ಗೋಳಿಬಜೆ ಬಿಸಿ ಉಂಟಾ?”

ನಾವು ಹಾಲ್ ಮುಟ್ಟುವಾಗ ಅಕ್ಕ ಸ್ನಾನ ಮಾಡಿ, ಮಲ್ಲಿಗೆ ಮುಡಿದು, ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಪಾನಕ ಕೊಡುತ್ತಿದ್ದಳು. ಭಾವ ಫೋನಿನಲ್ಲಿ ಹೇಳಿದ್ದಿರಬೇಕು, ಇವರಿಗೂ ಒಂದು ಲೋಟ ಕೊಟ್ಟು, “ಹಾಸನದಿಂದ ಇಷ್ಟು ಹೊತ್ತಾ?” ಎಂದಳು.

ಐದು ವರ್ಷ ಆಗದವರು

ಅಕ್ಕನಿಗೆ ರೈಲಿನ ಮೇಲೆ ಪ್ರೀತಿ ಬರಲು ಕಾರಣ ಒಂದು ಮಾವಿನ ಗಿಡ.

ನಮ್ಮ ತವರುಮನೆ ಸುಳ್ಯದ ಹತ್ತಿರ ಐವರ್ನಾಡಿನಲ್ಲಿ. ಅಲ್ಲಿ ಬಾವಿಯ ಪಕ್ಕದಲ್ಲಿ ಒಂದು ಮಿಡಿಮಾವಿನ ಮರ ಇತ್ತು. ಅದರ ಎಲೆ ಜಜ್ಜಿದರೆ ಜೀರಿಗೆಯ ಪರಿಮಳ. ಅದರ ಮಿಡಿಯ ಉಪ್ಪಿನಕಾಯಿ ಎರಡು ವರ್ಷವಾದರೂ ಮೆತ್ತಗಾಗುತ್ತಿರಲಿಲ್ಲ. ಅಪ್ಪನಿಗೆ ಆ ಮರವೆಂದರೆ ಜೀವ. ನನಗೆ ಕಸಿ ಕಟ್ಟಲು ಕಲಿಸಿದವರೂ ಅಪ್ಪನೇ. ಅವರ ಚೂರಿಯನ್ನು ನನ್ನ ಕೈಯಲ್ಲಿ ಕೊಟ್ಟು, ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, ಅದೇ ಮರದ ಕಡ್ಡಿ ಕಡಿಸಿದರು. ನಾನು ಹನ್ನೆರಡು ವರ್ಷಕ್ಕೆ ಕಟ್ಟಿದ ಮೊದಲ ಕಸಿ ಅದು. ಬದುಕಿತು. ಮುಂದಿನ ವರ್ಷ ಅಕ್ಕನ ಮದುವೆಯಾದಾಗ ಅಪ್ಪ ಆ ಗಿಡವನ್ನು ಎಣ್ಣೆ ಡಬ್ಬಿಯಲ್ಲಿಟ್ಟು ಅವಳ ಮಡಿಲಿಗೆ ಹಾಕಿದರು.

ಆಗ ಕೊಂಕಣದ ದಾರಿಯಲ್ಲಿ ರೈಲಿಲ್ಲ. ಸುತ್ತಿ ಬಳಸಿ ಹೋಗಬೇಕು, ದಿನಗಟ್ಟಲೆ ಪ್ರಯಾಣ. ಅಕ್ಕ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಹೊಸ ಮದುಮಗ ಭಾವ ಪಕ್ಕದಲ್ಲಿ ಕೂತು, ಹೆಂಡತಿಯ ಮುಖ ಕಾಣಲು ಎಲೆಗಳನ್ನು ಸರಿಸಿ ಸರಿಸಿ ನೋಡಬೇಕಾಯಿತಂತೆ. ಟಿಕೆಟ್ ನೋಡುವವನು ಬಂದು ಡಬ್ಬಿಗೆ ಬೆರಳು ತೋರಿಸಿ, “ಇದಕ್ಕೆ ಟಿಕೆಟ್ ಎಲ್ಲಿ?” ಎಂದು ಹಿಂದಿಯಲ್ಲಿ ಗದರಿದ. ಭಾವ ಅರ್ಥ ಹೇಳಿದರು. ಅಷ್ಟು ಹೊತ್ತೂ ತಲೆ ಎತ್ತದಿದ್ದ ಅಕ್ಕ ಆಗ ಬಾಯಿ ಬಿಟ್ಟಳು. “ಇದಕ್ಕೆ ಇನ್ನೂ ಒಂದೂವರೆ ವರ್ಷ. ಐದು ವರ್ಷ ಆಗದವರಿಗೆ ಟಿಕೆಟ್ ಬೇಡ ಅಲ್ವಾ, ಕೇಳಿ ನೋಡಿ.”

ಭಾವ ಅದನ್ನೂ ಹಿಂದಿಯಲ್ಲಿ ಹೇಳಿದರು. ಆ ಮನುಷ್ಯ ನಕ್ಕು, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಗಿಡಕ್ಕೆ ಒಂದು ಚೊಂಬು ನೀರು ತಂದು ಕೊಟ್ಟನಂತೆ.

ಭಾವನ ಜಾಣತನ

ಅಕ್ಕನ ಹಿತ್ತಿಲಲ್ಲಿ ಆ ಗಿಡ ಮರವಾಯಿತು. ಅಪ್ಪ ಹೋದರು. ಅವರು ಹೋಗಿ ಎರಡು ವರ್ಷಕ್ಕೆ ಬಾವಿಯ ಪಕ್ಕದ ಮರ ಗಾಳಿಗೆ ಬುಡ ಸಮೇತ ಬಿತ್ತು. ಅದರ ಕಸಿ ನಾನು ಮತ್ತೆ ಕಟ್ಟಿಟ್ಟಿರಲಿಲ್ಲ. ಊರಿಗೆಲ್ಲ ಗಿಡ ಮಾಡಿ ಕೊಟ್ಟವಳು ನಾನು! ಮನೆಯ ಮರ ತಾನೇ, ಎಲ್ಲಿಗೆ ಹೋಗುತ್ತದೆ ಎಂದುಕೊಂಡು ನಾಳೆ ನಾಳೆ ಎಂದು ಮುಂದೂಡಿದ್ದೆ. ಆ ದಿನ ಅತ್ತ ಹಾಗೆ ನಾನು ಅಪ್ಪ ಹೋದಾಗಲೂ ಅತ್ತಿರಲಿಲ್ಲ.

ಉಳಿದದ್ದು ಅಕ್ಕನ ಮರ ಒಂದೇ. ಪ್ರತಿ ವರ್ಷ ಅವಳು ಒಂದು ಬಾಟಲಿ ಉಪ್ಪಿನಕಾಯಿ ಕಳುಹಿಸುತ್ತಿದ್ದಳು. ಒಂದು ವರ್ಷ ನಾನು ಫೋನಿನಲ್ಲಿ ಹೇಳಿದೆ, “ಈ ಸಲ ಉಪ್ಪಿನಕಾಯಿ ಜೊತೆ ನಾಲ್ಕು ಕಡ್ಡಿಯನ್ನೂ ಕೊರಿಯರ್ ಮಾಡಿ ಭಾವ. ಹಾಳಾಗದ ಹಾಗೆ ನೋಡಿಕೊಳ್ಳಿ.”

“ಅದು ನನಗೆ ಬಿಡು,” ಎಂದರು ಭಾವ.

ಪಾರ್ಸೆಲ್ ಬಂತು. ಬಾಟಲಿ ಉಂಟು, ಕಡ್ಡಿ ಇಲ್ಲ. ಇಡೀ ಪೆಟ್ಟಿಗೆ ಕೊಡವಿದೆ. ಇವರು ಬಾಟಲಿಯನ್ನು ಬೆಳಕಿಗೆ ಹಿಡಿದು, “ಇಲ್ಲಿ ನೋಡು” ಎಂದರು. ಮಿಡಿಗಳ ನಡುವೆ, ಖಾರದ ರಸದಲ್ಲಿ ಮುಳುಗಿ, ನಾಲ್ಕು ಕಡ್ಡಿಗಳು ನೆಟ್ಟಗೆ ನಿಂತಿದ್ದವು.

ನಾನು ಫೋನಿನಲ್ಲಿ ಬೈದ ಹಾಗೆ ಭಾವನಿಗೆ ಅವರ ಅಮ್ಮನೂ ಬೈದಿರಲಿಕ್ಕಿಲ್ಲ. ಅವರು ಪಾಪ ಮೆಲ್ಲಗೆ ಕೇಳಿದರು, “ಅಲ್ಲ, ನಿನ್ನ ಅಪ್ಪನೇ ಹೇಳ್ತಿದ್ರಲ್ಲ, ಆ ರಸದಲ್ಲಿ ಹಾಕಿದ್ದು ಯಾವುದೂ ಹಾಳಾಗುದಿಲ್ಲ ಅಂತ?”

ಅಕ್ಕನ ಕಿವಿ

ಮೊನ್ನೆ ಚೌತಿಗೆ ಎರಡು ವಾರ ಇರುವಾಗ ಅಕ್ಕನ ಫೋನು ಬಂತು. “ತಂಗೀ, ನಮ್ಮ ಮರ ಕಡೀತಾರಂತೆ.”

ಅವರ ಊರಿನ ಹತ್ತಿರ ಬುಲೆಟ್ ರೈಲಿನ ಸ್ಟೇಷನ್ ಬರುತ್ತದಂತೆ. ಅದಕ್ಕೆ ಹೋಗುವ ರಸ್ತೆ ಅಗಲವಾಗಬೇಕು. ಅಕ್ಕನ ಹಿತ್ತಿಲಿನ ಒಂದು ಮೂಲೆ ಅದರಲ್ಲಿ ಹೋಗುತ್ತದೆ. ಚೌತಿ ಕಳೆದು ಎರಡನೇ ದಿನ ಮರ ಕಡಿಯಲು ಜನ ಬರುತ್ತಾರೆ.

ಭಾವ ಆಗಲೇ ವಿಮಾನದ ಪಕ್ಷ ಬಿಟ್ಟು ಬುಲೆಟ್ ಪಕ್ಷಕ್ಕೆ ಸೇರಿ ಆಗಿತ್ತು. ಫೋನು ಕಸಿದುಕೊಂಡು ಹೇಳಿದರು, “ಊಟ ಮಾಡಿ ಹತ್ತಿದರೆ ಚಾ ಹೊತ್ತಿಗೆ ಮುಂಬೈ! ಎರಡು ಗಂಟೆ ಮೊದಲು ಹೋಗಿ ಕೂರ್ಲಿಕ್ಕಿಲ್ಲ, ಘಾಟಿಯಲ್ಲಿ ಟ್ಯಾಂಕರ್ ಬೀಳ್ಲಿಕ್ಕಿಲ್ಲ. ಅದು ನಿಮ್ಮ ಮಂಗಳೂರಿಗೆ ಬಂದರೆ ನಿನ್ನ ಕಡ್ಡಿ ಬಾಡುವ ಮಾತೇ ಇಲ್ಲ, ತಿಳೀತಾ?”

“ಬರುವಾಗ ಬರ್ಲಿ ಭಾವ. ಈಗ ಅಕ್ಕನಿಗೆ ಕೊಡಿ.”

ಅಕ್ಕ ಹೇಳಿದಳು, “ರೈಲಿಗೆ ಅವಸರ ಅಂತೆ, ಅದಕ್ಕೆ ನನ್ನ ಮರ ಜಾಗ ಬಿಡ್ಬೇಕಂತೆ. ನಾನು ಯಾವತ್ತಾದರೂ ಅವಸರ ಮಾಡಿದ್ದುಂಟಾ ತಂಗೀ?” ಅವಳ ದನಿ ನಡುಗುತ್ತಿತ್ತು. ಅಲ್ಲಿಯ ಮನೆಯಲ್ಲಿ ಅಪ್ಪನದ್ದು ಅಂತ ಇರುವುದು ಆ ಮರ ಒಂದೇ.

“ಅಳಬೇಡ. ನಾನೇ ಬರ್ತೇನೆ,” ಎಂದೆ.

ಕಡ್ಡಿ ಕಡಿಯುವ ಒಂದು ವಾರ ಮೊದಲೇ ಮರದಲ್ಲಿ ಅದರ ಎಲೆಗಳನ್ನು ಕತ್ತರಿಸಿ ಸವರಿ ಬಿಡಬೇಕು. ಆಗ ಚಿಗುರೊಡೆಯುವ ಕಣ್ಣು ಉಬ್ಬುತ್ತದೆ. ಅದನ್ನು ತೋರಿಸಿ ಕೊಡಲು ವಿಡಿಯೋ ಕಾಲ್ ಮಾಡಿದೆ. ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ನನಗೆ ಕಾಣುವುದು ಅವಳ ಕಿವಿಯ ಓಲೆ ಮಾತ್ರ. “ಅಕ್ಕ, ಫೋನು ಮುಂದೆ ಹಿಡಿ!” ಎಂದರೆ, “ಮುಂದೆ ಹಿಡಿದರೆ ನೀನು ಹೇಳಿದ್ದು ಕೇಳುವುದು ಹೇಗೆ?” ಎನ್ನುತ್ತಾಳೆ. ಅರ್ಧ ಗಂಟೆ ನಾನು ಆ ಓಲೆಗೆ ಕಸಿಯ ಪಾಠ ಹೇಳಿದೆ. ಹೋಗಿ ನೋಡಿದರೆ ಒಂದು ಕಡ್ಡಿಯೂ ತಪ್ಪಿಲ್ಲ, ಇಪ್ಪತ್ತೊಂದು ಕಡ್ಡಿಗಳನ್ನು ಅಚ್ಚುಕಟ್ಟಾಗಿ ಸವರಿ ಇಟ್ಟಿದ್ದಳು. ಅಪ್ಪ ಇದ್ದಿದ್ದರೆ ನನಗೆ ಬೈದು ಅವಳಿಗೆ ಚೂರಿ ಕೊಡುತ್ತಿದ್ದರು.

ಆಮ್ ಕಾ ಬಚ್ಚಾ

ಹೋಗುವುದು ರೈಲಿನಲ್ಲಿ ಸುಲಭವಾಯಿತು. ಬರುವುದೇ ಕಷ್ಟ. ಚೌತಿಗೆ ಮುಂಬೈಯವರೆಲ್ಲ ಊರಿಗೆ ಬರುವ ಸಮಯ, ಕೊಂಕಣ ದಾರಿಯ ರೈಲಿನಲ್ಲಿ ಕಾಲಿಡಲು ಜಾಗ ಇಲ್ಲ. ಇವರು ಫೋನಿನಲ್ಲಿ, “ನಾನು ಕಾರು ತಕ್ಕೊಂಡು ಬರ್ತೇನೆ, ಎರಡೇ ದಿನ” ಎಂದರು. ನಾನು, “ಹಾಸನ ದಾಟಿದ ಮೇಲೆ ಫೋನ್ ಮಾಡಿ” ಎಂದೆ. ಕಡೆಗೆ ಮುಂಬೈಯಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು.

ಬೆಳಿಗ್ಗೆ ನಾನೂ ಅಕ್ಕನೂ ಕಡ್ಡಿ ಕಡಿದೆವು. ಅಪ್ಪನ ಚೂರಿ ನನ್ನ ಹತ್ತಿರವೇ ಉಂಟು, ಅದರಲ್ಲೇ. ಕಡಿದ ತುದಿಗೆ ಅಕ್ಕ ಅರಸಿನ ಹಚ್ಚಿದಳು. ಸುತ್ತಲು ತನ್ನ ಹಳೆಯ ಕೆಂಪು ಸೀರೆಯನ್ನು ಹರಿದು ಕೊಟ್ಟಳು. ಅದರ ಮೇಲೆ ಬಾಳೆಪಟ್ಟೆ, ಮೇಲಿನಿಂದ ಕೆಂಪು ನೂಲು. ಗಿಡವಾದ ಮೇಲೆ ಯಾರು ಯಾರಿಗೆ ಕೊಡಬೇಕು ಎಂದು ಒಂದು ಚೀಟಿ ಬರೆದು ಒಳಗೆ ಸಿಕ್ಕಿಸಿದಳು. ವಿಮಾನದಲ್ಲಿ ತಲೆ ತಿರುಗಿದರೆ ಮೂಸಲು ಎರಡು ಲಿಂಬೆಹಣ್ಣು. ಕೊನೆಗೆ ಮರದ ಬುಡಕ್ಕೆ ಕೈ ಇಟ್ಟು ನಿಂತವಳು ಬರುವುದೇ ಇಲ್ಲ. ನಾನೂ ಕರೆಯಲಿಲ್ಲ. ಭಾವನೇ ಕಾರಿನ ಹಾರ್ನ್ ಬಾರಿಸಬೇಕಾಯಿತು.

ಮುಂಬೈಯ ತಪಾಸಣೆಯಲ್ಲಿ ನನ್ನ ಬ್ಯಾಗನ್ನು ಬೇರೆ ಇಟ್ಟರು. ಗಿರಿಜಾ ಮೀಸೆಯ ಒಬ್ಬ ದೊಡ್ಡ ಮನುಷ್ಯ ಕಟ್ಟು ಹೊರಗೆ ತೆಗೆದು ಕೇಳಿದ, “ಯೇ ಕ್ಯಾ ಹೈ?”

ನನ್ನ ಹಿಂದಿ ಶಾಲೆಯಲ್ಲಿ ಬಿಟ್ಟು ಬಂದದ್ದು. ಕಸಿ ಕಡ್ಡಿಗೆ ಎಂತ ಹೇಳುವುದು? “ಯೇ ಆಮ್ ಕಾ ಬಚ್ಚಾ ಹೈ,” ಎಂದೆ. ಮಾವಿನ ಮಗು.

“ಕಹಾಂ ಜಾ ರಹಾ ಹೈ?”

“ಮಾ ಕೇ ಘರ್.” ತಾಯಿಮನೆಗೆ.

ಆತ ಕಡ್ಡಿಯ ಕಣ್ಣುಗಳನ್ನು ನೋಡಿದ. ಅವನ ಊರಿನಲ್ಲೂ ಮಾವಿನ ತೋಪು ಇರಬೇಕು, ಮುಟ್ಟಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಮೆಲ್ಲಗೆ ಮತ್ತೆ ಸುತ್ತಿ ಇಟ್ಟ. ಅಷ್ಟರಲ್ಲಿ ಕಟ್ಟಿನ ಕೆಳಗೆ ಚೂರಿ ಸಿಕ್ಕಿತು. ಮುಖ ಗಟ್ಟಿಯಾಯಿತು. “ಔರ್ ಯೇ?”

ನನಗೆ ಬೇರೆ ಶಬ್ದ ಬರಲಿಲ್ಲ. “ಯೇ ಬಾಪ್ ಕಾ ಹೈ.” ಅಪ್ಪನದ್ದು. ಹೇಳುತ್ತಿದ್ದ ಹಾಗೆ ಅಳು ಬಂತು.

ಚೂರಿ ಒಳಗೆ ಹೋಗುವ ಹಾಗಿಲ್ಲ. ಹೆಚ್ಚಿನವರದ್ದಾದರೆ ಅಲ್ಲಿಯೇ ಡಬ್ಬಕ್ಕೆ ಬೀಳುತ್ತದೆ. ಆತ ಸುತ್ತ ನೋಡಿ, ಒಬ್ಬಳು ಹುಡುಗಿಯನ್ನು ಕರೆದು, ನನ್ನನ್ನು ವಾಪಸು ಕೌಂಟರಿಗೆ ಕಳುಹಿಸಿ, ಇಡೀ ಬ್ಯಾಗನ್ನು ದೊಡ್ಡ ಲಗೇಜಿನ ಜೊತೆ ಹಾಕಿಸಿದ. ಕಡ್ಡಿ ಬೇರೆ ಮಾಡಲು ಸಮಯ ಇರಲಿಲ್ಲ, ಎಲ್ಲವೂ ಅದರೊಳಗೇ ಹೋಯಿತು. ನಾನು ವಿಮಾನ ಹತ್ತಿದ ಮೇಲೆ ನೆನಪಾಯಿತು. ತಲೆ ತಿರುಗಿದರೆ ಮೂಸುವ ಲಿಂಬೆಹಣ್ಣೂ ಕೆಳಗೆ ಲಗೇಜಿನಲ್ಲೇ ಹಾರುತ್ತಾ ಉಂಟು!

ಉಳಿದದ್ದು ನಿನಗೆ

ಬಜ್ಪೆಯಲ್ಲಿ ಇಳಿದೆ. ನೀಲಿ ಬ್ಯಾಗು, ಹಿಡಿಯಲ್ಲಿ ಕೆಂಪು ರಿಬ್ಬನ್, ಸರಿ ಎಂದು ಎತ್ತಿಕೊಂಡೆ. ಇವರು ಕಾರು ತಂದಿದ್ದರು. ಮನೆಗೆ ಬಂದು ಕೈಕಾಲು ತೊಳೆದು, ಸಸಿಗಳನ್ನು ಸಾಲಾಗಿ ಇಟ್ಟು ಬ್ಯಾಗು ಬಿಚ್ಚಿದರೆ, ಒಳಗೆ ಮೂರು ಪ್ಯಾಂಟು, ಒಂದು ಗಡ್ಡ ಹೆರೆಯುವ ಸೆಟ್ಟು, ಒಂದು ದೊಡ್ಡ ಡಬ್ಬಿ ಹಲ್ವ.

ನಾನು ಕಳ್ಳಿಯ ಹಾಗೆ ಬೇರೆ ಯಾರದ್ದೋ ಬ್ಯಾಗು ತಂದಿದ್ದೆ! ವಿಮಾನದವರಿಗೆ ಫೋನು ಮಾಡಿದೆವು. ಹುಡುಕುತ್ತೇವೆ, ನಾಳೆ ಹಬ್ಬ, ಸ್ವಲ್ಪ ತಡವಾಗಬಹುದು ಎಂದರು. ಮರುದಿನ ಚೌತಿ. ನಾನು ಕಡುಬಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಅಕ್ಕ ಎರಡು ಸಲ ಫೋನು ಮಾಡಿ, “ಕಟ್ಟಿ ಆಯ್ತಾ?” ಎಂದು ಕೇಳಿದಳು. ಎರಡು ಸಲವೂ “ಈಗ ಕೂತೆ ಅಕ್ಕ” ಎಂದೆ. ಇವರು ಗುಂಡ್ಯದಲ್ಲಿ ಸುಳ್ಳು ಹೇಳಿದ್ದಕ್ಕೆ ನಾಲ್ಕು ವರ್ಷ ನಕ್ಕವಳು ನಾನು. ಇವರು ನನ್ನನ್ನು ನೋಡಿದರು. ನನ್ನ ಎದುರು ಹಲ್ವದ ತುಂಡು ಇಟ್ಟು ಹೋದರು.

ಮೂರನೇ ದಿನ ಬೆಳಿಗ್ಗೆ ಒಂದು ಹೊಸ ನಂಬರಿನಿಂದ ಫೋನು. ಬ್ಯಾಗಿನ ಮೇಲೆ ನನ್ನ ನಂಬರ್ ಬರೆದದ್ದು ಕಡೆಗೂ ಉಪಯೋಗಕ್ಕೆ ಬಂತು.

“ನಾನು ಕಡಬದಿಂದ ಮಾತಾಡುದು,” ಎಂದ ಒಬ್ಬ ಗಂಡಸು. ದನಿ ನಡುಗುತ್ತಿತ್ತು. “ನಿಮ್ಮ ಬ್ಯಾಗು ನನ್ನ ಹತ್ತಿರ ಉಂಟು. ನಾನು ನಿಮಗೆ ಎಂತ ಮಾಡಿದ್ದೇನೆ ಅಕ್ಕಾ?”

“ಎಂತದ್ದೂ ಇಲ್ಲ ಮಾರಾಯ್ರೆ. ಯಾಕೆ?”

“ಮತ್ತೆ ಈ ಮಾಟ ಯಾರಿಗೆ ಮಾಡಿದ್ದು?”

ಆಗ ನನಗೆ ಹೊಳೆಯಿತು. ಅರಸಿನ ಮೆತ್ತಿದ ಇಪ್ಪತ್ತೊಂದು ಕಡ್ಡಿ, ಕೆಂಪು ಬಟ್ಟೆ, ಕೆಂಪು ನೂಲು, ಎರಡು ಲಿಂಬೆಹಣ್ಣು, ಒಂದು ಹಳೆಯ ಚೂರಿ. ಅವನು ಪಾಪ ಮುಂಬೈ ಬಿಟ್ಟು ಬಂದು ಕಡಬದಲ್ಲಿ ಹೊಸ ಅಂಗಡಿ ಇಡುವವನಂತೆ. ಯಾರಿಗೋ ಹೊಟ್ಟೆಕಿಚ್ಚು ಎಂದುಕೊಂಡಿದ್ದಾನೆ. ಇಷ್ಟು ಸಾಲದು ಎಂದು ಒಳಗೆ ಅಕ್ಕನ ಚೀಟಿ ಬೇರೆ. 'ತಮ್ಮನಿಗೆ ನಾಲ್ಕು, ಚಿಕ್ಕಮ್ಮನಿಗೆ ಎರಡು, ಅತ್ತಿಗೆಗೆ ಎರಡು, ಉಳಿದದ್ದು ನಿನಗೆ.'

“ಉಳಿದದ್ದು ನಿನಗೆ ಅಂತ ಓದಿದ ಮೇಲೆ ನನಗೆ ಜ್ವರ ಬಂತು ಅಕ್ಕಾ!” ಎಂದ. “ಜೋಯಿಸರಿಗೆ ಫೋನ್ ಮಾಡಿದೆ. ಹರಿಯುವ ನೀರಿಗೆ ಬಿಡಿ ಅಂದ್ರು. ಹೊಳೆಗೆ ಬಿಡ್ಲಿಕ್ಕೆ ಅಮ್ಮನ ಕೈಯಲ್ಲಿ ನಿನ್ನೆಯೇ ಕೊಟ್ಟಿದ್ದೇನೆ.”

ಹೊಳೆಗೆ! ಹೇಗೆ ಕಾರು ಹತ್ತಿದೆ ಗೊತ್ತಿಲ್ಲ. ಇವರು ಕಾರು ಓಡಿಸಿದ ಜೋರಿಗೆ ಸವಣೂರು ದಾಟಿದ್ದೇ ಗೊತ್ತಾಗಲಿಲ್ಲ. ಆದರೆ ಶಾಂತಿಮೊಗರಿನ ಸೇತುವೆಗೆ ಬಂದಾಗ ತಾವಾಗಿಯೇ ನಿಲ್ಲಿಸಿದರು. ಇಬ್ಬರೂ ಇಳಿದು ಕಟ್ಟೆಗೆ ಬಗ್ಗಿ ಕುಮಾರಧಾರೆಯನ್ನು ನೋಡಿದೆವು. ಕಡಬದಲ್ಲಿ ನಿನ್ನೆ ಬಿಟ್ಟ ಕಡ್ಡಿ ಇಲ್ಲಿ ಇವತ್ತು ಕಾಣುತ್ತದಾ? ಬುದ್ಧಿ ಇದ್ದವರು ನೋಡುತ್ತಾರಾ? ನಾವು ನೋಡಿದೆವು. ಇವರು ಕೆಂಪು ಏನೋ ತೇಲಿದ್ದನ್ನು ಕಂಡು ಚಪ್ಪಲಿ ಬಿಚ್ಚಿ ಇಳಿಯಲು ಹೊರಟರು. ಅದು ಯಾರದ್ದೋ ಪ್ಲಾಸ್ಟಿಕ್ ಚೀಲ. ಈ ಮನುಷ್ಯನ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಕಡಬದ ಅವರ ಮನೆಯ ಅಂಗಳದ ತುದಿಯಲ್ಲಿ ನನ್ನ ಬ್ಯಾಗು ಒಂಟಿಯಾಗಿ ಕೂತಿತ್ತು. ಅದರ ಮೇಲೆ ಕಸ ಗುಡಿಸುವ ಒಂದು ಹಿಡಿಸೂಡಿ, ಹಿಡಿಸೂಡಿಯ ಮೇಲೆ ಒಂದು ಹಳೆಯ ಚಪ್ಪಲಿ. ಆ ಗಂಡಸು ಜಗಲಿಯಿಂದಲೇ ಕೈಮುಗಿದ. ಇವರು ಅವನ ಬ್ಯಾಗು ಕೊಟ್ಟು, ಡಬ್ಬಿಯಲ್ಲಿ ಹಲ್ವ ಸ್ವಲ್ಪ ಕಡಿಮೆ ಉಂಟು ಎಂದರು. ನಾನು ಇದು ಮಾಟ ಅಲ್ಲ, ಮಾವಿನ ಕಸಿ ಎಂದು ಹೇಳಿದೆ. ಅವನು, “ಇರ್ಬಹುದು ಅಕ್ಕಾ, ಇರ್ಬಹುದು” ಎಂದು ಇನ್ನೂ ಎರಡು ಹೆಜ್ಜೆ ಹಿಂದೆ ಹೋದ.

“ನಿಮ್ಮ ಅಮ್ಮ ಎಲ್ಲಿ?” ಎಂದು ಕೇಳಿದೆ.

ಹಿಂದಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಬ್ಬರು ಅಜ್ಜಿ ಬಂದರು. ಉಗುರಿನಲ್ಲೆಲ್ಲ ಮಣ್ಣು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಬಾ ಮಗಳೇ, ಬಾಳೆಎಲೆ ಕೊಯ್ಯುವಾ” ಎಂದು ಹಿತ್ತಿಲಿಗೆ ಕರೆದರು. ಮನೆಯ ಮರೆಯಾದದ್ದೇ ತಡ, ದನಿ ತಗ್ಗಿಸಿದರು.

“ಹೊಳೆಗೆ ಬಿಡ್ಲಿಕ್ಕೆ ಕೊಟ್ಟ. ಬಿಚ್ಚಿ ನೋಡಿದೆ. ಎಷ್ಟು ಚಂದದ ಕಣ್ಣು! ಎಲೆ ಸವರಿದ್ದು ಯಾರೋ ತಿಳಿದವರೇ. ಇಂಥದ್ದನ್ನು ಹೊಳೆಗೆ ಬಿಡ್ಲಿಕ್ಕೆ ಮನಸ್ಸು ಬರ್ತದಾ? ವಾಪಸು ಕೊಡುವಷ್ಟರಲ್ಲಿ ಬಾಡಿ ಹೋಗ್ತಿತ್ತು. ಬೇಜಾರು ಮಾಡ್ಬೇಡ, ನಾನೇ ಕಟ್ಟಿಬಿಟ್ಟೆ.”

ತೆಂಗಿನ ಸೋಗೆಯ ನೆರಳಿನಲ್ಲಿ ಇಪ್ಪತ್ತೊಂದು ಸಸಿಗಳು ಸಾಲಾಗಿ ನಿಂತಿದ್ದವು. ಅಜ್ಜಿ ತಾವೇ ಮೊಳೆಸಿದ ಕಾಟು ಮಾವಿನ ಸಸಿಗಳು. ಒಂದೊಂದರ ತಲೆಯ ಮೇಲೂ ಅಕ್ಕನ ಮರದ ಕಡ್ಡಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಟೊಪ್ಪಿ. ನಾನು ಅಲ್ಲಿಯೇ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಅಜ್ಜಿ ನನ್ನ ತಲೆ ಸವರಿ, ಸೊಂಟದಿಂದ ಅಪ್ಪನ ಚೂರಿ ತೆಗೆದು ಕೊಟ್ಟರು. “ಎಂಥ ಚೂರಿ ಮಗಳೇ! ನನ್ನ ಕೈಗೆ ಇಪ್ಪತ್ತು ವರ್ಷ ಕಡಿಮೆಯಾಯ್ತು. ಹಬ್ಬದ ಅಡುಗೆ ತಡವಾದದ್ದಕ್ಕೆ ಇವನು ಬೈದ, ಬೈಲಿ.”

“ಅವರಿಗೆ ಗೊತ್ತುಂಟಾ?”

“ಹೊಳೆಗೆ ಬಿಟ್ಟು ಬಂದೆ ಅಂತ ಹೇಳಿದ್ದೇನೆ. ನೀನು ಬಾಯಿ ಬಿಡ್ಬೇಡ. ನನ್ನ ಕಸಿ ಯಾವಾಗಲೂ ಇಲ್ಲಿ ಇರ್ತದೆ, ಅವನು ನೋಡುದಿಲ್ಲ.”

ನಾನು ಕಿವಿಯಲ್ಲಿ ವಿಷಯ ಹೇಳಿದ್ದೇ ತಡ, ಇವರು ಹಿಂದಿನ ಸೀಟು ಮಡಚಿ ಗಿಡ ತುಂಬಲು ಜಾಗ ಮಾಡತೊಡಗಿದರು. ಅಜ್ಜಿ ತಡೆದರು. “ಕಸಿಯ ಗಂಟು ಕೂಡುವವರೆಗೆ ಕಾರೂ ಬೇಡ, ಜೀಪೂ ಬೇಡ. ಅಲುಗಿದರೆ ಹೋಯ್ತು. ಚಿಗುರು ಬಂದ ಮೇಲೆ ನಾನೇ ಹೇಳಿ ಕಳುಹಿಸ್ತೇನೆ.” ಮತ್ತೆ ನಾಚಿಕೊಂಡು ಕೇಳಿದರು, “ನಿಮ್ಮ ಚೀಟಿಯಲ್ಲಿ ನನ್ನ ಹೆಸರಿಲ್ಲ. ಆದರೂ ಒಂದು ಗಿಡ ಇಟ್ಟುಕೊಳ್ಳಲಾ?”

ಚೀಟಿ ಹಿಂದೆ ಕೊಡಲು ಚಾಚಿದ ಅಜ್ಜಿಯ ಕೈಯಲ್ಲೇ ನಾನು ಅದನ್ನು ಬಿಟ್ಟು, “ಕೊನೆಯ ಸಾಲು ನಿಮಗೇ ಬರೆದದ್ದು” ಎಂದೆ.

ಅಂದು ರಾತ್ರಿ ಅಕ್ಕನಿಗೆ ಎಲ್ಲ ಹೇಳಿದೆ. ಮರುದಿನ ಅವಳ ಮರ ಕಡಿದರು. ಗರಗಸದ ಸದ್ದು ಫೋನಿನಲ್ಲಿ ನನಗೂ ಕೇಳಿತು. ಭಾವ, “ಇವಳು ಊಟ ಮಾಡಿಲ್ಲ, ನೀನೊಮ್ಮೆ ಹೇಳು” ಎಂದರು. ಅವರು ಬುಲೆಟ್ ರೈಲಿನ ಸುದ್ದಿ ಎತ್ತದ ಮೊದಲ ಫೋನು ಅದು. ಇನ್ನು ಆ ಇಪ್ಪತ್ತೊಂದರಲ್ಲಿ ಒಂದಾದರೂ ಹಿಡಿಯಬೇಕು. ಹಿಡಿಯದಿದ್ದರೆ ಅಪ್ಪನ ಮಾವು ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

ಮೂರು ವಾರ ನಾನು ಫೋನು ಸೆರಗಿನಲ್ಲಿ ಕಟ್ಟಿಕೊಂಡೇ ತಿರುಗಿದೆ. ಇಪ್ಪತ್ತೆರಡನೇ ದಿನ ಕಡಬದಿಂದ ಕರೆ ಬಂತು. ಅಜ್ಜಿ ಅಲ್ಲ, ಮಗ. ಈಗ ದನಿಯಲ್ಲಿ ನಡುಕ ಇಲ್ಲ.

“ಅಕ್ಕಾ, ಹೇಗಿದ್ದೀರಿ? ಅಂಗಡಿ ಸುರುವಾಯ್ತು, ವ್ಯಾಪಾರ ಚೆನ್ನಾಗಿ ಉಂಟು. ಬೇಜಾರು ಮಾಡ್ಬೇಡಿ, ಆ ನಿಮ್ಮ ವಸ್ತು ಹೊಳೆಗೆ ಹೋದ ಮೇಲೆಯೇ ನನಗೆ ಒಳ್ಳೆದಾದದ್ದು.”

“ಸಂತೋಷ ಮಾರಾಯ್ರೆ. ಅಮ್ಮ ಹೇಗಿದ್ದಾರೆ?”

“ಅಮ್ಮನಿಗೆ ಸ್ವಲ್ಪ ಕಾಲು ನೋವು. ಹಾಗಾಗಿ ಅವರ ಗಿಡಗಳಿಗೆಲ್ಲ ಈಗ ನೀರು ಹೊಯ್ಯುದು ನಾನೇ. ಇಪ್ಪತ್ತೊಂದು ಮಾವಿನ ಗಿಡ ಎಲ್ಲಿಂದಲೋ ಮಾಡಿಟ್ಟಿದ್ದಾರೆ. ಹದಿನೇಳಕ್ಕೆ ಚಿಗುರು ಬಂದಿದೆ ಅಕ್ಕಾ, ಕೆಂಪು ಕೆಂಪು, ಎಷ್ಟು ಚಂದ! ಎಲೆ ಸ್ವಲ್ಪ ತಿಕ್ಕಿ ನೋಡಿದೆ, ಜೀರಿಗೆಯ ಪರಿಮಳ ಬರ್ತದೆ. ದಿನಾ ಬೆಳಿಗ್ಗೆ ಅದರ ಮುಖ ನೋಡಿಯೇ ನಾನು ಅಂಗಡಿ ತೆಗೆಯುದು. ಕಂಡಕಂಡದ್ದನ್ನೆಲ್ಲ ಹಾಗೆ ಕೆಂಪು ಬಟ್ಟೆಯಲ್ಲಿ ಕಟ್ಟುವ ಬದಲು, ನೀವೂ ಇಂಥದ್ದೊಂದು ನೆಡಿ!”